ಗದ್ದೆಯ ಆಟೋಕ್ರಾಸ್‌ಗೆ ಕಡಿಮೆ ಖರ್ಚಿನ ಇಂಜಿನ್: ಬೀಡು ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಭತ್ತದ ಕೊಯ್ಲು ಮುಗಿದ ಮೇಲೆ ಕೊಡಗಿನ ಗದ್ದೆಗಳಲ್ಲಿ ನಡೆಯುವ ಗಾಡಿ ಓಟದ ಸ್ಪರ್ಧೆಯಾದ ಆಟೋಕ್ರಾಸ್‌ಗೆಂದು ಹಳೆಯ ಗಾಡಿಯನ್ನು ಸಿದ್ಧಪಡಿಸುವವರಲ್ಲಿ ಅನೇಕರು ಮೊದಲಿಗೇ ಬ್ಲಾಕಿನ, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಎರಕದ, ಲೋಹದ ಬಗ್ಗೆ ವಿಚಾರಿಸುತ್ತಾರೆ. ಕೈಯಲ್ಲಿರುವ ಹಣ ಕಡಿಮೆಯಾಗಿದ್ದರೆ ಬ್ಲಾಕಿನ ಈಗಿನ ಸ್ಥಿತಿಯನ್ನೂ, ನಿಮಗೆ ಎಟುಕುವ ಬೋರಿಂಗ್ ಶಾಪಿನ (ಸಿಲಿಂಡರಿನ ಒಳಗೋಡೆಯನ್ನು ಕೊರೆದು ಹಿಗ್ಗಿಸುವ ಕಾರ್ಯಾಗಾರದ) ಸಾಮರ್ಥ್ಯವನ್ನೂ ನೋಡಿದ ನಂತರವೇ ಲೋಹದ ಮಾತಿಗೆ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 2.7 ಗ್ರಾಂ, ಬೀಡಿನದು, ಅಂದರೆ ಎರಕದ ಕಬ್ಬಿಣದ್ದು, ಸುಮಾರು 7.2 ಗ್ರಾಂ. ಹಾಗೆಂದು ಅಲ್ಯೂಮಿನಿಯಂ ಬ್ಲಾಕಿನ ತೂಕ ಮೂರನೇ ಒಂದು ಪಾಲಿಗೆ ಇಳಿಯುವುದಿಲ್ಲ. ಆ ಲೋಹದ ಬಿಗಿತ ಕಡಿಮೆಯಾದ್ದರಿಂದ ಗೋಡೆಗಳನ್ನು ದಪ್ಪವಾಗಿ ಎರಕ ಹೊಯ್ಯಬೇಕಾಗುತ್ತದೆ. ಅಲ್ಲದೆ ಬಹುತೇಕ ಬ್ಲಾಕುಗಳ ಸಿಲಿಂಡರಿನೊಳಗೆ ಬೀಡಿನ ಲೈನರ್ (ಒಳಗೆ ಕೂರಿಸಿದ ಕೊಳವೆ) ಇದ್ದೇ ಇರುತ್ತದೆ. ಆದರೂ ಮುಂದಿನ ಆಕ್ಸಲ್ ಮೇಲೆ ಕಡಿಮೆಯಾಗುವ ಕೆಲವು ಕಿಲೋ ತೂಕ, ಗದ್ದೆಯ ಬಿಗಿ ತಿರುವುಗಳಲ್ಲಿ ಮೂತಿ ಹೊರಗೆ ಜಾರುವುದನ್ನು ತಗ್ಗಿಸುತ್ತದೆ.

ನಮ್ಮಲ್ಲಿ ಸುಲಭವಾಗಿ ಸಿಗುವ ಗಾಡಿಗಳನ್ನೇ ನೋಡೋಣ. ಮಾರುತಿ ಜಿಪ್ಸಿಯ 1298 ಸಿಸಿ ಜಿ13 ಇಂಜಿನ್ನಿನ ಬ್ಲಾಕೂ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡೂ ಅಲ್ಯೂಮಿನಿಯಂ. ಹಳೆಯ ಮಾರುತಿ 800ರ 796 ಸಿಸಿ ಇಂಜಿನ್, ಫೋರ್ಡ್ ಐಕಾನ್‌ನ 1.6 ರೋಕಾಮ್ ಇವೆರಡರಲ್ಲಿ ಬ್ಲಾಕ್ ಬೀಡಿನದು, ಹೆಡ್ ಮಾತ್ರ ಅಲ್ಯೂಮಿನಿಯಂ. ಗಾಡಿಯಲ್ಲಿ ಈಗಾಗಲೇ ಇರುವ ಬ್ಲಾಕ್ ಆರೋಗ್ಯವಾಗಿದ್ದರೆ, ಬೇರೆ ಲೋಹ ಬೇಕೆಂಬ ಒಂದೇ ಕಾರಣಕ್ಕೆ ಇಂಜಿನ್ ಬದಲಿಸಬೇಡಿ. ಮೌಂಟಿಂಗ್, ಬೆಲ್ ಹೌಸಿಂಗ್, ವೈರಿಂಗ್, ಎಕ್ಸಾಸ್ಟ್ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ. ಗಾಡಿ ರಸ್ತೆಗೂ ಇಳಿಯುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬದಲಾವಣೆಯನ್ನು ದಾಖಲಿಸಬೇಕಾಗುತ್ತದೆ.

ಬಿಚ್ಚಿದ ಇಂಜಿನ್ ಕೊಳ್ಳುವಾಗ ಪರೀಕ್ಷೆಗೆ ಅರ್ಧ ದಿನವನ್ನಾದರೂ ಮೀಸಲಿಡಿ. ತೋಟದ ಕೆಲಸಕ್ಕೆ ದುಡಿದ ಗಾಡಿಗಳಲ್ಲಿ ಕೂಲಂಟ್ ಬದಲು ತೋಡಿನ ನೀರನ್ನೇ ತುಂಬಿಕೊಂಡು ಬಂದಿರುವ ಸಾಧ್ಯತೆಯಿದ್ದು, ಅಲ್ಯೂಮಿನಿಯಂಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಥರ್ಮೋಸ್ಟಾಟ್ ಮುಚ್ಚಳವನ್ನು ತೆಗೆದು, ಹೋಸ್ ಕ್ಲಾಂಪ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ ನೋಡಿರಿ. ಅಲ್ಲಿ ಬಿಳಿ ಪುಡಿ ಕಟ್ಟಿ, ಅದರಡಿ ಲೋಹ ಚುಕ್ಕಿ ಚುಕ್ಕಿಯಾಗಿ ತಿಂದುಹೋಗಿದ್ದರೆ, ಬ್ಲಾಕ್ ಮತ್ತು ಹೆಡ್ ನಡುವಿನ ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೂರುವ ಮೇಲ್ಮೈಯಲ್ಲಿ ನೀರಿನ ದಾರಿಗಳ ಅಂಚೂ ಅದೇ ರೀತಿ ಸವೆದಿರಬಹುದು. ಬೀಡು ಬ್ಲಾಕಿನಲ್ಲಿ ಕಾಣುವ ಕಂದು ತುಕ್ಕಿನ ಕೆಸರು ನೋಡಲು ಅಸಹ್ಯವಾದರೂ, ಗೋಡೆಯನ್ನು ಆಳವಾಗಿ ತಿನ್ನದಿದ್ದರೆ ತೊಳೆದು ಸರಿಪಡಿಸಬಹುದು. ಅನಂತರ ಬ್ಲಾಕಿನ ಮೇಲ್ಮೈಗೆ ನೇರಪಟ್ಟಿಯನ್ನು ಉದ್ದಕ್ಕೂ, ಅಡ್ಡಕ್ಕೂ, ಕರ್ಣಗಳ ಮೇಲೂ ಇಟ್ಟು, ಸಂದು ಅಳೆಯುವ ತೆಳು ಹಾಳೆಗಳ ಫೀಲರ್ ಗೇಜ್‌ನಿಂದ ಅಳೆಯಬೇಕು, 0.05 ಮಿ.ಮೀ. ಹಾಳೆ ಎಲ್ಲಿಯಾದರೂ ಒಳಗೆ ನುಗ್ಗಿದರೆ ಆ ಮಾದರಿಯ ಮಿತಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡದೆ ಹಣ ಕೊಡಬೇಡಿ. ಹಿಂದೊಮ್ಮೆ ವಿಪರೀತ ಕಾದ ಅಲ್ಯೂಮಿನಿಯಂ ಬ್ಲಾಕ್ ಡೊಂಕಾಗಿರುವ ಸಂಭವ ಹೆಚ್ಚು. ಚರಿತ್ರೆ ಗೊತ್ತಿಲ್ಲದ ಇಂಜಿನ್‌ಗೆ ಕೈಹಾಕುವವರಿಗೆ ಬೀಡು ಬ್ಲಾಕನ್ನೇ ನಾನು ಸೂಚಿಸುವುದು ಇದೇ ಕಾರಣಕ್ಕೆ.

ಬೋರಿಂಗ್ ವಿಷಯದಲ್ಲಿ ಆತುರ ಸಲ್ಲದು. ಮೊದಲು ಓವರ್‌ಸೈಜ್ ಪಿಸ್ಟನ್ ಮತ್ತು ರಿಂಗ್ ಸೆಟ್ ತಂದುಕೊಡಿ, ಆಮೇಲೆ ಆ ಪಿಸ್ಟನ್‌ಗಳನ್ನೇ ಅಳೆದು ಬೋರ್ ಮಾಡಿಸಿರಿ. ಜಿಪ್ಸಿಯ 74 ಮಿ.ಮೀ. ಬೋರನ್ನು 74.5ಕ್ಕೆ ಹಿಗ್ಗಿಸಿದರೆ ಸಿಗುವುದು ಸುಮಾರು 18 ಸಿಸಿ ಮಾತ್ರ. ಅಷ್ಟಕ್ಕಾಗಿ ತೆಳು ಲೈನರನ್ನು ಇನ್ನಷ್ಟು ತೆಳುಗೊಳಿಸುವುದು ಲಾಭದ ವ್ಯವಹಾರವಲ್ಲ. ಸವೆತ ಅಥವಾ ಗೀರು ಹೋಗುವಷ್ಟು ಮಾತ್ರ ತೆಗೆಸಿದರೆ ಸಾಕು. ಲೈನರಿಲ್ಲದೆ ಸಿಲಿಂಡರಿಗೆ ಲೇಪನ ಮಾತ್ರ ಕೊಟ್ಟಿರುವ ಅಲ್ಯೂಮಿನಿಯಂ ಬ್ಲಾಕುಗಳನ್ನು ಸಾಮಾನ್ಯ ಬೋರಿಂಗ್ ಯಂತ್ರಕ್ಕೆ ಏರಿಸುವಂತೆಯೇ ಇಲ್ಲ; ಕಡಿಮೆ ಖರ್ಚಿನ ಕೆಲಸಕ್ಕೆ ಅವು ಬೇಡ.

ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆಯಿರುವುದರಿಂದ, ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಅದನ್ನು ತುಂಬಿಕೊಳ್ಳಲು ಮುಂದೆ ಟರ್ಬೊ ಕೂರಿಸುವ ಆಲೋಚನೆ ನಿಮಗಿದ್ದರೆ ಬೀಡು ಬ್ಲಾಕನ್ನೇ ಆರಿಸಿಕೊಳ್ಳಿ, ಏಕೆಂದರೆ ಒತ್ತಡ ಹೆಚ್ಚಿದಾಗ ಸಿಲಿಂಡರ್ ಗೋಡೆಗಳು ಅಲುಗಾಡದೆ ನಿಂತರೆ ಮಾತ್ರ ಹೆಡ್ ಗ್ಯಾಸ್ಕೆಟ್ ಉಳಿಯುತ್ತದೆ. ಕ್ಯಾಮ್, ಎಕ್ಸಾಸ್ಟ್, ಟ್ಯೂನಿಂಗ್ ಇಷ್ಟಕ್ಕೇ ನಿಲ್ಲುವವರಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಅಲ್ಯೂಮಿನಿಯಂ ಬ್ಲಾಕ್ ಧಾರಾಳವಾಗಿ ಸಾಲುತ್ತದೆ.

ಅಲ್ಯೂಮಿನಿಯಂ ಬ್ಲಾಕ್ ಜೋಡಿಸುವಾಗ ಅಂದಾಜಿನ ಬಿಗಿತ ನಡೆಯದು. ಹೆಡ್ ಬೋಲ್ಟ್ ರಂಧ್ರಗಳಲ್ಲಿ ಉಳಿದ ಎಣ್ಣೆ, ನೀರು, ಮರಳನ್ನು ಗಾಳಿ ಹೊಡೆದು ತೆಗೆದು, ತಣ್ಣಗಿರುವ ಇಂಜಿನ್ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಬಿಗಿಗೊಳಿಸಬೇಕು. ರಂಧ್ರದ ಮರೆ (ಥ್ರೆಡ್) ಸವೆದಿದ್ದರೆ ದೊಡ್ಡ ಬೋಲ್ಟ್ ತುರುಕದೆ, ಹೊಸ ಮರೆ ಕೊಡುವ ತಂತಿಯ ಸುರುಳಿಯಾದ ಹೆಲಿಕಾಯಿಲ್ ಹಾಕಿಸಿರಿ. ಬ್ಲಾಕ್ ಯಾವ ಲೋಹದ್ದಾದರೂ ಮೊದಲ ಸ್ಟಾರ್ಟಿಗೇ ಡಿಸ್ಟಿಲ್ಡ್ ನೀರಿನೊಂದಿಗೆ ಸರಿಯಾದ ಪ್ರಮಾಣದ ಕೂಲಂಟ್ ತುಂಬಿರಬೇಕು. ಗದ್ದೆಯಿಂದ ಹೊರಬಂದ ದಿನವೇ ರೇಡಿಯೇಟರ್ ಸಂದುಗಳಲ್ಲಿ ಸೇರಿದ ಕೆಸರು ಒಣಗುವ ಮೊದಲು, ಇಂಜಿನ್ ತಣಿದ ಮೇಲೆ, ಹಿಂಬದಿಯಿಂದ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು.