ಪಾಪೆಯ ಅಂಚಿನ ಬಿಳಿ ಪುಡಿ

ಪೊರೆ ಆಪರೇಷನ್‌ಗೆ ಬರುವ ಹಿರಿಯರ ಕಣ್ಣಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸುವ ಮೊದಲೇ ನಾನು ಒಮ್ಮೆ ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ, ನೋಡಿಬಿಡುತ್ತೇನೆ. ಹುಡುಕುವುದು ಪಾಪೆಯ ಅಂಚಿನಲ್ಲಿ ತಲೆಹೊಟ್ಟಿನಂಥ ಬಿಳಿ ಪುಡಿಯನ್ನು. ಇದಕ್ಕೆ ಸ್ಯೂಡೋಎಕ್ಸ್‌ಫೋಲಿಯೇಷನ್ ಎನ್ನುತ್ತಾರೆ. 1917ರಲ್ಲಿ ಫಿನ್ಲೆಂಡಿನ ಲಿಂಡ್‌ಬರ್ಗ್ ಇದನ್ನು ಮೊದಲು ವಿವರಿಸಿದರು. ಹಾಗಂತ ಇದು ಚಳಿ ದೇಶದವರ ಕಾಯಿಲೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ದಕ್ಷಿಣ ಭಾರತದ ಹಳ್ಳಿಗಳಲ್ಲೂ ಇದೆ.

ಡ್ರಾಪ್ಸ್ ಹಾಕಿದ ಮೇಲೆ ಮತ್ತೊಮ್ಮೆ ನೋಡಬೇಕು. ಲೆನ್ಸಿನ ಮುಂಭಾಗದ ನಡುವೆ ಮಬ್ಬು ಬಿಳಿ ಬಿಲ್ಲೆ, ಅದರ ಸುತ್ತ ತಿಳಿ ಜಾಗ, ಅದರಾಚೆ ಮತ್ತೆ ಬಿಳಿ ಪದರ. ಪಾಪೆ ಹಿಗ್ಗಿ ಕುಗ್ಗುವಾಗ ಉಜ್ಜಿ ಉಜ್ಜಿ ಬಿಲ್ಲೆಗೂ ಹೊರ ಪದರಕ್ಕೂ ಮಧ್ಯದ ಜಾಗ ತಿಳಿಯಾಗಿರುತ್ತದೆ. ಎಷ್ಟೋ ಜನರಲ್ಲಿ ಒಂದೇ ಕಣ್ಣಲ್ಲಿ ಕಾಣುತ್ತದೆ, ಆದರೂ ಇನ್ನೊಂದನ್ನು ಬಿಡಬಾರದು.

ಈ ಪುಡಿ ಕಣ್ಣಿನ ನೀರು ಹೊರಹೋಗುವ ಜಾಲರಿಯನ್ನು ಕಟ್ಟುತ್ತದೆ. ಕಣ್ಣಿನೊಳಗಿನ ಪ್ರೆಷರ್ ಏರುತ್ತದೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಪ್ರೆಷರ್ ದಿನದೊಳಗೇ ಏರಿಳಿಯುವುದರಿಂದ ಒಂದು ಸಲ ನಾರ್ಮಲ್ ಬಂದರೆ ನಾನು ನಂಬುವುದಿಲ್ಲ. ಬೇರೆ ಹೊತ್ತಿಗೆ ಮತ್ತೆ ಕರೆಸುತ್ತೇನೆ, ನರವನ್ನೂ ನೋಡುತ್ತೇನೆ.

ಆಪರೇಷನ್‌ನಲ್ಲಿ ನನಗೆ ಜಾಸ್ತಿ ಚಿಂತೆ ಲೆನ್ಸನ್ನು ಹಿಡಿದಿಟ್ಟಿರುವ ಸಣ್ಣ ಎಳೆಗಳದ್ದು. ಇಂಥ ಕಣ್ಣಲ್ಲಿ ಅವು ಸಡಿಲ. "ಅಜ್ಜಾ, ಪಕ್ಕಕ್ಕೆ ನೋಡಿ, ಈಗ ನೇರ ನೋಡಿ" ಎನ್ನುತ್ತೇನೆ. ಲೆನ್ಸ್ ಅದುರಿದರೆ ಕಷ್ಟದ ಕೇಸು ಅಂತಲೇ ಲೆಕ್ಕ. ಕ್ಯಾಂಪಿನ ಸಾಲಿನಲ್ಲಿ ಅದನ್ನು ಮುಗಿಸುವುದಿಲ್ಲ, ಬೇರೆ ದಿನ ಇಟ್ಟುಕೊಳ್ಳುತ್ತೇನೆ. ಪಾಪೆಯೂ ಸರಿಯಾಗಿ ಹಿಗ್ಗುವುದಿಲ್ಲ, ಹಾಗಾಗಿ ಪಾಪೆಯನ್ನು ಅಗಲಿಸಿ ಹಿಡಿಯುವ ಐರಿಸ್ ಹುಕ್ಸ್, ಲೆನ್ಸನ್ನು ಸುತ್ತಿರುವ ತೆಳು ಚೀಲವನ್ನು ಒಳಗಿನಿಂದ ಹಿಗ್ಗಿಸಿ ಹಿಡಿಯುವ ಕ್ಯಾಪ್ಸುಲರ್ ಟೆನ್ಷನ್ ರಿಂಗ್ ಎರಡನ್ನೂ ಕೈಗೆ ಸಿಗುವಂತೆ ತೆಗೆದಿಡಿಸುತ್ತೇನೆ. ಚೀಲದ ಬಾಯಿ ತೀರಾ ಚಿಕ್ಕದಾಗಿ ತೆರೆದರೆ ಅದು ಆಮೇಲೆ ಕುಗ್ಗಿ ಎಳೆಗಳನ್ನು ಎಳೆಯುತ್ತದೆ. ಅದಕ್ಕೇ ಸ್ವಲ್ಪ ಅಗಲವಾಗಿಯೇ ತೆರೆಯುವುದು. ಲೆನ್ಸಿನ ಗಟ್ಟಿ ತಿರುಳು, ಅಂದರೆ ನ್ಯೂಕ್ಲಿಯಸ್, ಬಿಡಿಸಿಕೊಂಡು ಸಲೀಸಾಗಿ ತಿರುಗುವವರೆಗೂ ಅವಸರ ಮಾಡುವುದಿಲ್ಲ. ಒತ್ತಿ ತಿರುಗಿಸಿದರೆ ಭಾರವೆಲ್ಲ ಎಳೆಗಳ ಮೇಲೇ ಬೀಳುತ್ತದೆ. ಕೊನೆಗೆ ಆಪರೇಷನ್‌ಗೆಂದು ಕಣ್ಣೊಳಗೆ ತುಂಬಿದ ಜೆಲ್ ಪೂರ್ತಿ ತೊಳೆದು ತೆಗೆಯುತ್ತೇನೆ, ಉಳಿದರೆ ಆ ರಾತ್ರಿಯೇ ಪ್ರೆಷರ್ ಏರಬಹುದು.

"ಪೊರೆ ತೆಗೆದಾಯ್ತಲ್ಲ ಡಾಕ್ಟ್ರೇ, ಇನ್ನೂ ಯಾಕೆ ಪ್ರೆಷರ್ ಡ್ರಾಪ್ಸು?" ಅಂತ ಮನೆಯವರು ಕೇಳುತ್ತಾರೆ. ಕೇಳುವುದು ಸರಿಯೇ ಅಲ್ವಾ? ಪೊರೆ ಹೋದರೂ ಪುಡಿ ಕೂಡುವುದು ನಿಲ್ಲುವುದಿಲ್ಲ ಅಂತ ಕೂರಿಸಿಕೊಂಡು ಹೇಳುತ್ತೇನೆ. ಎಷ್ಟೋ ವರ್ಷ ಕಳೆದ ಮೇಲೆ ಹಾಕಿದ ಲೆನ್ಸ್ ಚೀಲದ ಸಮೇತ ಜಾರಿದ್ದೂ ಉಂಟು. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಕಾಯಿಲೆಯ ಹೆಸರನ್ನು ದೊಡ್ಡದಾಗಿ ಬರೆದುಕೊಡುತ್ತೇನೆ. ಮುಂದೆ ಯಾವ ಊರಲ್ಲಿ ತೋರಿಸಿದರೂ ಅಲ್ಲಿನ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು.