ಎನ್‌ಎಂಎನ್ ಜೊತೆ ಟಿಎಂಜಿ: ನಾನು ಪ್ರಮಾಣ ಗೊತ್ತುಮಾಡಿಕೊಳ್ಳುವ ಬಗೆ

ಆಯಸ್ಸು ಹೆಚ್ಚಲೆಂದು ನುಂಗುವ ಎನ್‌ಎಂಎನ್ ಎಂಬ ಪೂರಕವನ್ನು ತೆಗೆದುಕೊಳ್ಳುವವರೆಲ್ಲ, ದೇಹಕ್ಕೆ ಮೀಥೈಲ್ ಗುಂಪು ಒದಗಿಸುವ ಟಿಎಂಜಿ ಎಂಬ ಪೂರಕವನ್ನೂ ತೆಗೆದುಕೊಳ್ಳಲೇಬೇಕು ಎನ್ನುವ ಮಾತು ಈಗ ನಿಯಮದಂತೆ ಹಬ್ಬಿದೆ. ನಾನೂ ಎರಡನ್ನೂ ಒಟ್ಟಿಗೆ ಬಳಸುತ್ತೇನೆ. ಆದರೆ ಟಿಎಂಜಿ ತಡೆಯಬಲ್ಲ ತೊಂದರೆ ಯಾವುದು, ಅದರ ಕೈಗೆ ಸಿಗದ ತೊಂದರೆ ಯಾವುದು ಎಂದು ಬಿಡಿಸಿ ನೋಡದೆ ಡಬ್ಬಿಯ ಮೇಲೆ ಬರೆದಷ್ಟನ್ನು ನುಂಗುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ದೇಹದೊಳಗೆ ಆಗುವುದೇನು ನೋಡೋಣ. ಎನ್‌ಎಂಎನ್ ಜೀವಕೋಶದಲ್ಲಿ ಎನ್‌ಎಡಿ ಆಗುತ್ತದೆ; ಶಕ್ತಿ ತಯಾರಿಕೆಗೆ ಕೋಶಕ್ಕೆ ಬೇಕಾದ ಅಣು ಅದು. ಸರ್ಟುಯಿನ್, ಸಿಡಿ38 ಮುಂತಾದ ಕಿಣ್ವಗಳು ಎನ್‌ಎಡಿಯನ್ನು ಒಡೆದಾಗ ನಿಕೋಟಿನಮೈಡ್ (ಬಿ3 ವಿಟಮಿನ್‌ನ ಒಂದು ರೂಪ) ಹೊರಬೀಳುತ್ತದೆ. ಒಂದಷ್ಟು ನಿಕೋಟಿನಮೈಡ್ ಮರುಬಳಕೆಯಾಗಿ ಮತ್ತೆ ಎನ್‌ಎಡಿ ಆಗುತ್ತದೆ. ಹೆಚ್ಚಾದದ್ದಕ್ಕೆ ಎನ್‌ಎನ್‌ಎಂಟಿ ಎಂಬ ಕಿಣ್ವ ಒಂದು ಮೀಥೈಲ್ ಗುಂಪನ್ನು (ಒಂದು ಕಾರ್ಬನ್, ಮೂರು ಹೈಡ್ರೋಜನ್‌ನ ತುಣುಕು) ಅಂಟಿಸುತ್ತದೆ, ಆಮೇಲೆ ಅದು ಮೂತ್ರದಲ್ಲಿ ಹೊರಹೋಗುತ್ತದೆ. ಆ ಮೀಥೈಲ್ ಕೊಡುವುದು ಸ್ಯಾಮ್ ಎಂಬ ಅಣು. ಕೊಟ್ಟು ಬರಿದಾದ ಸ್ಯಾಮ್ ಕೊನೆಗೆ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವಾಗಿ ನಿಲ್ಲುತ್ತದೆ. ಅದು ರಕ್ತದಲ್ಲಿ ಏರುವುದೇ ಟಿಎಂಜಿ ತಡೆಯಬಲ್ಲ ತೊಂದರೆ. ಹೋಮೋಸಿಸ್ಟೀನನ್ನು ಮತ್ತೆ ಮೆಥಿಯೋನಿನ್ (ಸ್ಯಾಮ್ ತಯಾರಾಗುವ ಅಮೈನೋ ಆಮ್ಲ) ಮಾಡಲು ಎರಡು ದಾರಿಗಳಿವೆ. ಫೋಲೇಟ್ ಮತ್ತು ಬಿ12 ಬಳಸುವ ದಾರಿ ಬಹುತೇಕ ಎಲ್ಲ ಅಂಗಾಂಶಗಳಲ್ಲೂ ಇದೆ. ಬೀಟೇನ್, ಅಂದರೆ ಟಿಎಂಜಿ, ಬಳಸುವ ದಾರಿ ಮುಖ್ಯವಾಗಿ ಯಕೃತ್ತಿನಲ್ಲೂ ಮೂತ್ರಪಿಂಡದಲ್ಲೂ ಇದೆ.

ಹಾಗಾದರೆ ಎಷ್ಟು ಟಿಎಂಜಿ ಬೇಕು? ಇದಕ್ಕೆ ಅಣುತೂಕದ ಲೆಕ್ಕ ಸಾಕು. ಎನ್‌ಎಂಎನ್‌ನ ಅಣುತೂಕ 334, ಟಿಎಂಜಿಯದು 117. 500 ಮಿಲಿಗ್ರಾಂ ಎನ್‌ಎಂಎನ್ ಎಂದರೆ 1.5 ಮಿಲಿಮೋಲ್. ಅದಷ್ಟೂ ಮರುಬಳಕೆಯಾಗದೆ ಮೀಥೈಲ್ ಅಂಟಿಸಿಕೊಂಡೇ ಹೊರಹೋಯಿತು ಎಂದು ಅತಿ ಕೆಟ್ಟ ಸ್ಥಿತಿಯನ್ನೇ ಹಿಡಿದರೂ ಬೇಕಾಗುವುದು 1.5 ಮಿಲಿಮೋಲ್ ಮೀಥೈಲ್. ಟಿಎಂಜಿಯ ಒಂದು ಅಣು ಹೋಮೋಸಿಸ್ಟೀನ್‌ಗೆ ನೇರವಾಗಿ ಕೊಡುವುದು ಒಂದೇ ಮೀಥೈಲ್, ಆದ್ದರಿಂದ 175 ಮಿಲಿಗ್ರಾಂ ಟಿಎಂಜಿಗೆ ಲೆಕ್ಕ ಚುಕ್ತಾ. ಎನ್‌ಎಂಎನ್‌ನಂತೆಯೇ ಎನ್‌ಎಡಿ ಆಗುವ ಇನ್ನೊಂದು ಪೂರಕ ಎನ್‌ಆರ್; ಅದರ ಕ್ಲೋರೈಡ್ ರೂಪದ ಅಣುತೂಕ 291; 300 ಮಿಲಿಗ್ರಾಂಗೆ ಸುಮಾರು 120 ಮಿಲಿಗ್ರಾಂ ಟಿಎಂಜಿ ಸಾಕು. ಬರೀ ನಿಕೋಟಿನಮೈಡ್ ನುಂಗುವವರ ಲೆಕ್ಕ ಬೇರೆಯೇ. ಅದರ ಅಣುತೂಕ ಕೇವಲ 122. ಅದೇ 500 ಮಿಲಿಗ್ರಾಂನಲ್ಲಿ 4.1 ಮಿಲಿಮೋಲ್ ಇರುವುದರಿಂದ ಟಿಎಂಜಿ 480 ಮಿಲಿಗ್ರಾಂ ಬೇಕಾಗುತ್ತದೆ. ‘ತೂಕಕ್ಕೆ ತೂಕ’ ಎನ್ನುವ ಜನಪ್ರಿಯ ಸೂತ್ರ ನಿಕೋಟಿನಮೈಡ್‌ಗೆ ಸರಿಯಾಗಿ ಹೊಂದುತ್ತದೆ, ಎನ್‌ಎಂಎನ್‌ಗೆ ಸುಮಾರು ಮೂರು ಪಟ್ಟು ಹೆಚ್ಚಾಗುತ್ತದೆ.

ಲೆಕ್ಕಕ್ಕಿಂತ ಹೆಚ್ಚೇ ಆದರೂ ನನ್ನ ಪ್ರಮಾಣ ಬೆಳಗ್ಗೆ ಎನ್‌ಎಂಎನ್ 500 ಮಿಲಿಗ್ರಾಂ, ಟಿಎಂಜಿ 500 ಮಿಲಿಗ್ರಾಂ. ಟಿಎಂಜಿ ಬೇಗ ಹೀರಿಕೆಯಾಗಿ ಗಂಟೆಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಎರಡನ್ನೂ ಅದೇ ನಿಮಿಷಕ್ಕೆ ನುಂಗಬೇಕೆಂದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೊಳ್ಳಬಹುದು. ದಿನಕ್ಕೆ 1.5 ಗ್ರಾಂ ಮೀರಲು ನನಗೆ ಕಾರಣ ಕಾಣುವುದಿಲ್ಲ. ಹೋಮೋಸಿಸ್ಟೀನ್ ಬಗ್ಗೆ ಡಬ್ಬಿಯ ಮೇಲೆ ಹೇಳಿಕೊಳ್ಳಲು ಯುರೋಪಿನ ನಿಯಮ ಒಪ್ಪುವ ದಿನದ ಪ್ರಮಾಣವೂ ಅದೇ. 4 ಗ್ರಾಂ ದಾಟಿದರೆ ಕೊಲೆಸ್ಟರಾಲ್ ಗಣನೀಯವಾಗಿ ಏರಬಹುದು ಎಂಬ ಎಚ್ಚರಿಕೆಯನ್ನೂ ಆ ನಿಯಮ ಹಾಕಿಸುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ‘ಬೀಟೇನ್ ಅನ್‌ಹೈಡ್ರಸ್’ ಎಂದಿರಬೇಕು. ‘ಬೀಟೇನ್ ಎಚ್‌ಸಿಎಲ್’ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ಲವಣ, ಜೀರ್ಣಕ್ಕೆಂದು ಮಾರುವಂಥದ್ದು. ಅದನ್ನು ದಿನವೂ ನುಂಗಿದರೆ ಎದೆಯುರಿ, ಹುಣ್ಣಿದ್ದವರಿಗೆ ಇನ್ನೂ ಅಪಾಯ. ಟಿಎಂಜಿ ಪುಡಿ ಗಾಳಿಯ ತೇವವನ್ನು ಬಹಳ ಬೇಗ ಎಳೆದುಕೊಂಡು ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಪುಡಿಯಲ್ಲಿ ಚಮಚದ ಅಳತೆ ನಂಬುವಂತಿಲ್ಲ, ತೂಗಲೇಬೇಕು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು, ಆದರೆ ತೂಗುವ ಕ್ರಮ ಮುಖ್ಯ. ಬಟ್ಟಲಿಟ್ಟು ಸೊನ್ನೆ ಮಾಡಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ, ತಕ್ಕಡಿ ಆ ಸಣ್ಣ ಏರಿಕೆಗಳನ್ನು ಅಲುಗಾಟವೆಂದು ತಳ್ಳಿಹಾಕಿ ಸೊನ್ನೆಯಲ್ಲೇ ನಿಂತುಬಿಡುವುದುಂಟು. ಆದ್ದರಿಂದ ನಾನು ಸೊನ್ನೆ ಮಾಡದೆ ಬಟ್ಟಲಿನ ತೂಕ ಬರೆದಿಟ್ಟುಕೊಂಡು, ಪುಡಿ ಹಾಕಿದ ಮೇಲೆ ಬಟ್ಟಲನ್ನು ಎತ್ತಿ ಮತ್ತೆ ಇಟ್ಟು, ವ್ಯತ್ಯಾಸ ಲೆಕ್ಕ ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ಟಿಎಂಜಿ ಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸಬೇಕಾದದ್ದು ರಕ್ತದ ಹೋಮೋಸಿಸ್ಟೀನ್. ಸುಸ್ತು, ಮಂಕು, ನಿದ್ದೆಗೇಡು ಇವೆಲ್ಲ ನೂರು ಕಾರಣಕ್ಕೆ ಬರುತ್ತವೆ, ಅವುಗಳ ಮೇಲೆ ಮೀಥೈಲ್ ಕೊರತೆಯ ಹಣೆಪಟ್ಟಿ ಅಂಟಿಸಬಾರದು. ಪೂರಕ ಶುರು ಮಾಡುವ ಮೊದಲು ಒಮ್ಮೆ, ಎನ್‌ಎಂಎನ್ ಮಾತ್ರ ತೆಗೆದುಕೊಂಡು 6ರಿಂದ 8 ವಾರ ಆದ ಮೇಲೆ ಒಮ್ಮೆ, ಟಿಎಂಜಿ ಸೇರಿಸಿ ಅಷ್ಟೇ ವಾರ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಎರಡನ್ನೂ ಒಂದೇ ದಿನ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಸಾಮಾನ್ಯ ಮಿತಿ ಲೀಟರಿಗೆ 5ರಿಂದ 15 ಮೈಕ್ರೋಮೋಲ್.

ಈ ಪರೀಕ್ಷೆಯಲ್ಲಿ ತಪ್ಪು ನುಸುಳುವುದು ಬಲು ಸುಲಭ. ರಕ್ತ ತೆಗೆದ ಮೇಲೂ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಟ್ಯೂಬು ಬಿದ್ದಿದ್ದರೆ ಗಂಟೆಗೆ ಹತ್ತಿರಹತ್ತಿರ ಶೇ 10ರಷ್ಟು ಸುಳ್ಳು ಏರಿಕೆ ಕಾಣುತ್ತದೆ. ಹಾಗಾಗಿ ರಾತ್ರಿಯಿಂದ ಉಪವಾಸವಿದ್ದು, ರಕ್ತ ತೆಗೆಯುವವರನ್ನು ಮೊದಲೇ ಕೇಳಿಕೊಳ್ಳಿ: ಈಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿನಲ್ಲಿ ತೆಗೆದು ಮಂಜುಗಡ್ಡೆಯಲ್ಲಿ ಇಡುತ್ತೀರಾ, ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ) ಕಣಗಳನ್ನು ಬೇರ್ಪಡಿಸುತ್ತೀರಾ? ಮಾದರಿಯನ್ನು ಬೇರೆ ಕಡೆಗೆ ಕಳಿಸುವ ಸಂಗ್ರಹ ಕೇಂದ್ರಕ್ಕಿಂತ ಪ್ರಯೋಗಾಲಯ ಇರುವ ಜಾಗಕ್ಕೇ ಹೋಗುವುದು ಒಳ್ಳೆಯದು. ಮೂರೂ ಪರೀಕ್ಷೆ ಒಂದೇ ಕಡೆ ಆಗಲಿ.

ಮೊದಲ ಪರೀಕ್ಷೆಯಲ್ಲೇ ಹೋಮೋಸಿಸ್ಟೀನ್ ಹೆಚ್ಚಿದ್ದರೆ ದೋಷ ಎನ್‌ಎಂಎನ್‌ನದ್ದಲ್ಲ. ಬಿ12, ಫೋಲೇಟ್, ಥೈರಾಯ್ಡ್, ಮೂತ್ರಪಿಂಡದ ಕ್ರಿಯೇಟಿನಿನ್ ನೋಡಿಸಿ. ಆಯಸ್ಸು ಹೆಚ್ಚಲೆಂದು ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಔಷಧಿ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯಬಹುದು. ಅಲ್ಲಿ ಟಿಎಂಜಿ ಸುರಿದರೆ ಅಂಕಿ ಸ್ವಲ್ಪ ಇಳಿದೀತು, ನರಗಳಿಗೆ ಬೇಕಾದ ಬಿ12 ಬರುವುದಿಲ್ಲ. ಬಿ12 ಕೊರತೆಯಿದ್ದಾಗ ಬರೀ ಫೋಲೇಟ್ ನುಂಗುವುದು ಇನ್ನೂ ಕೆಟ್ಟದ್ದು. ರಕ್ತಹೀನತೆ ಮರೆಯಾಗಿ ನರಗಳ ಹಾನಿ ಒಳಗೇ ಮುಂದುವರಿಯುತ್ತದೆ. ದಿನಕ್ಕೆ ಹಲವು ಲೋಟ ಗಟ್ಟಿ ಕಾಫಿ ಕುಡಿದರೂ ಹೋಮೋಸಿಸ್ಟೀನ್ ಏರುತ್ತದೆ, ಪರೀಕ್ಷೆಯ ಹಿಂದಿನ ವಾರಗಳಲ್ಲಿ ಅದನ್ನು ಹೆಚ್ಚು ಕಡಿಮೆ ಮಾಡಬೇಡಿ.

ಮೀಥೈಲ್ ಉಳಿಸುವ ಇನ್ನೊಂದು ದಾರಿ ಸ್ನಾಯುಗಳಿಗೆ ಶಕ್ತಿ ಒದಗಿಸುವ ಕ್ರಿಯೇಟಿನ್. ದೇಹ ಸ್ವತಃ ಕ್ರಿಯೇಟಿನ್ ತಯಾರಿಸಲು ಸ್ಯಾಮ್‌ನ ದೊಡ್ಡ ಪಾಲು ಖರ್ಚಾಗುತ್ತದೆ. ದಿನಕ್ಕೆ 3 ಗ್ರಾಂ ಹೊರಗಿನಿಂದ ಕೊಟ್ಟರೆ ಆ ತಯಾರಿಕೆ ತಗ್ಗುತ್ತದೆ. ಇದರಿಂದ ರಕ್ತದ ಕ್ರಿಯೇಟಿನಿನ್ ಸ್ವಲ್ಪ ಏರಿದಂತೆ ಕಾಣುವುದರಿಂದ ವೈದ್ಯರಿಗೆ ಮೊದಲೇ ಹೇಳಿರಬೇಕು. ಸ್ಯಾಮನ್ನೇ ಮಾತ್ರೆಯಾಗಿ ನುಂಗುವುದನ್ನು ನಾನು ಬಳಸುವುದಿಲ್ಲ: ತೇವಕ್ಕೆ ಕೆಡುತ್ತದೆ, ಖಿನ್ನತೆಯ ಔಷಧಿಗಳ ಜೊತೆ ತಿಕ್ಕಾಡಬಹುದು, ಬೈಪೋಲಾರ್ ಇದ್ದವರಲ್ಲಿ ಉನ್ಮಾದ ಕೆರಳಿಸಬಹುದು. ಟಿಎಂಜಿ ಅಥವಾ ಮೀಥೈಲ್‌ಫೋಲೇಟ್ ಶುರು ಮಾಡಿದ ಮೇಲೆ ಚಡಪಡಿಕೆ, ನಿದ್ದೆ ಬಾರದಿರುವುದು ಕಂಡರೆ ಪ್ರಮಾಣ ಅರ್ಧ ಮಾಡಿ. ಅದನ್ನು ತಣಿಸಲು ನಯಾಸಿನ್ (ಬಿ3ಯ ಇನ್ನೊಂದು ರೂಪ) ಎಂದು ಮೂರನೆಯದನ್ನು ಸೇರಿಸಬೇಡಿ.

2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನಕ್ಕೆ 1000 ಮಿಲಿಗ್ರಾಂವರೆಗೆ ಎನ್‌ಆರ್ ಅನ್ನು 8 ವಾರ ಕೊಟ್ಟರೂ ಹೋಮೋಸಿಸ್ಟೀನ್ ಏರಲಿಲ್ಲ. ಗ್ರಾಂಗಟ್ಟಲೆ ನಯಾಸಿನ್ ಕೊಟ್ಟಾಗ ಏರುವುದು ಹಳೆಯ ಅನುಭವ. ಆದ್ದರಿಂದ ಎರಡನೆಯ ಪರೀಕ್ಷೆಯಲ್ಲಿ ಅಂಕಿ ಅಲುಗಾಡದಿದ್ದರೆ ಟಿಎಂಜಿ ಬಿಟ್ಟರೂ ನಡೆಯುತ್ತದೆ.

ಟಿಎಂಜಿಯ ಕೈಗೆ ಸಿಗದ ತೊಂದರೆಯೊಂದಿದೆ. ಮೀಥೈಲ್ ಅಂಟಿದ ನಿಕೋಟಿನಮೈಡ್ ಮುಂದೆ 2-ಪಿವೈ, 4-ಪಿವೈ ಎಂಬ ವಸ್ತುಗಳಾಗುತ್ತದೆ. ರಕ್ತದಲ್ಲಿ ಇವು ಹೆಚ್ಚಿದ್ದವರಲ್ಲಿ ಹೃದಯಾಘಾತದಂಥ ಘಟನೆಗಳು ಹೆಚ್ಚು ಕಂಡವು, 4-ಪಿವೈ ರಕ್ತನಾಳದ ಉರಿಯೂತ ಕೆರಳಿಸುತ್ತದೆ ಎಂದು 2024ರ ಸಂಶೋಧನೆಯೊಂದು ತೋರಿಸಿತು. ಟಿಎಂಜಿ ಇವನ್ನು ಕಡಿಮೆ ಮಾಡುವಂಥದ್ದಲ್ಲ, ಇವು ತಯಾರಾಗಲು ಬೇಕಾದ ಮೀಥೈಲನ್ನೇ ಅದು ಒದಗಿಸುತ್ತದೆ. ಇವು ಹೊರಹೋಗುವುದು ಮೂತ್ರಪಿಂಡದ ಮೂಲಕವಾದ್ದರಿಂದ, ಮೂತ್ರಪಿಂಡ ಸೋತವರಲ್ಲಿ ರಕ್ತದಲ್ಲೇ ಶೇಖರವಾಗುತ್ತವೆ. ಅಂಥವರು, ಹೃದಯದ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಎನ್‌ಎಂಎನ್ ಮುಟ್ಟಬಾರದು. ಉಳಿದವರಿಗೂ ಈ ಭಾಗಕ್ಕೆ ಇರುವ ಉಪಾಯ ಎನ್‌ಎಂಎನ್ ಪ್ರಮಾಣವನ್ನು 500ರಿಂದ 250ಕ್ಕೆ ಇಳಿಸುವುದು.