ಹೇರ್ ಟ್ರಾನ್ಸ್‌ಪ್ಲಾಂಟ್ ಆಯ್ತು, ಇನ್ನು ಎಂತ ಮಾಡೋದು?

ಮೊದಲ 10 ದಿವಸ ತುಂಬ ಜಾಗ್ರತೆ ಬೇಕು ಮಾರಾಯ್ರೆ, ನೆಟ್ಟ ಗ್ರಾಫ್ಟ್ (ಬೇರು ಸಮೇತ ತೆಗೆದು ನೆಟ್ಟ ಕೂದ್ಲು) ಇನ್ನೂ ಗಟ್ಟಿ ಕೂತಿರೋದಿಲ್ಲ, ಕೆರೆಯೋದು ಉಜ್ಜೋದು ಬೇಡ, ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಅಂಗಾತ ಮಲಗಿ. 3-4ನೇ ದಿನಕ್ಕೆ ಹಣೆ ಊದಿದ್ರೆ ಹೆದರ್ಬೇಡಿ, ಇಳೀತದೆ. ಆದ್ರೆ ಕೀವು, ಜ್ವರ ಬಂದ್ರೆ ಕೂಡ್ಲೇ ಡಾಕ್ಟರಿಗೆ ಫೋನ್ ಮಾಡಿ.

ನಮ್ಮ ಮಂಗ್ಳೂರಿನ ಸೆಕೆ ಗೊತ್ತುಂಟಲ್ಲ, ಬೆವರು ಇಳಿಯೋ ಕೆಲ್ಸ, ಜಿಮ್ಮು ಎರಡು ವಾರ ಬಿಡಿ, ಪಣಂಬೂರು ಮಲ್ಪೆ ಕಡೆ ಸಮುದ್ರಕ್ಕೆ ಇಳಿಯೋದು ಒಂದು ತಿಂಗಳು ಇಲ್ಲ. ಹೆಲ್ಮೆಟ್ ಗ್ರಾಫ್ಟಿಗೆ ಒತ್ತುತ್ತದೆ, ಹಾಗಂತ ಹೆಲ್ಮೆಟ್ ಇಲ್ದೆ ಸ್ಕೂಟರ್ ಹತ್ಬೇಡಿ, ಬಸ್ಸಲ್ಲೇ ಹೋಗಿ. ಯಕ್ಷಗಾನ ವೇಷ ಹಾಕೋರಾದ್ರೆ ಕಿರೀಟ ಯಾವಾಗ ಕಟ್ಬಹುದು ಅಂತ ಮೊದಲೇ ಕೇಳಿ, ಸಾಧ್ಯ ಆದ್ರೆ ಮೇಳ ಮುಗಿದ ಮೇಲೆ ಮಳೆಗಾಲದಲ್ಲೇ ಮಾಡಿಸಿ. ಮನೆಯಲ್ಲಿ ಅಮ್ಮ ತೆಂಗಿನೆಣ್ಣೆ ಬಾಟ್ಲಿ ಹಿಡ್ಕೊಂಡು ಬಂದೇ ಬರ್ತಾರೆ, ಡಾಕ್ಟ್ರು ಹೇಳೋವರೆಗೆ ಬೇಡ ಅನ್ನಿ.

ಆಮೇಲೆ 2ರಿಂದ 8 ವಾರದೊಳಗೆ ನೆಟ್ಟ ಕೂದ್ಲೇ ಉದುರ್ತದೆ, ಹೆಚ್ಚಿನವ್ರು ದುಡ್ಡೆಲ್ಲ ಹೋಯ್ತು ಅಂತ ಕಂಗಾಲಾಗೋದು ಇಲ್ಲೇ, ಆದ್ರೆ ಬೇರು ಒಳಗೆ ಉಂಟು, 3-4 ತಿಂಗಳಿಗೆ ಸಪೂರ ಕೂದ್ಲು ಚಿಗುರ್ತದೆ. ಪೂರ್ತಿ ರಿಸಲ್ಟಿಗೆ 12 ತಿಂಗಳು, ನೆತ್ತಿಯಲ್ಲಿ ಇನ್ನೂ ತಡ. ಹದಿನೆಂಟರ ಪ್ರಾಯದ ದಟ್ಟ ಕೂದ್ಲು ವಾಪಸ್ ಬರೋದಿಲ್ಲ, ಯಾಕಂದ್ರೆ ನೆಡ್ಲಿಕ್ಕೆ ಕೂದ್ಲು ತೆಗೆಯೋದು ತಲೆಯ ಹಿಂದಿನ ಭಾಗದಿಂದ, ಅಲ್ಲಿರೋದೇ ಲಿಮಿಟೆಡ್. ಹಳೇ ಕೂದ್ಲು ಉದುರೋದು ಸಹ ನಿಲ್ಲೋದಿಲ್ಲ, ಅದಕ್ಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಅಂತ ಕೂದ್ಲು ಉದುರೋದಕ್ಕೆ ಕೊಡೋ ಮದ್ದು ಬೇಕಾ ಅಂತ ಡಾಕ್ಟರತ್ರಾನೇ ಕೇಳಿ, ಮೆಡಿಕಲ್ಲಿಂದ ಸೀದಾ ತಂದು ನುಂಗ್ಬೇಡಿ.